ಅತ್ತೆಯ ಎಡ ಮೊಣಕಾಲು

ಹರಪನಹಳ್ಳಿಯ ಬಸ್ ಸ್ಟ್ಯಾಂಡಿನ ಎದುರಿಗೆ ನಮ್ಮ ಯಜಮಾನರದೊಂದು ಫೋಟೊ ಸ್ಟುಡಿಯೊ ಇತ್ತು. ಅದರ ಸಿಮೆಂಟು ನೆಲದ ಮೇಲೆ ನಮ್ಮ ಮಾವ ತಮ್ಮ ಕಾಲದಲ್ಲಿ ಕೆಂಪು ಆಯಿಲ್ ಪೇಂಟಿನಿಂದ ಎರಡು ಹೆಜ್ಜೆ ಬರೆದಿದ್ದರು. ಬಲಗಾಲಿನದು ಹಿಂದೆ, ಎಡಗಾಲಿನದು ಒಂದು ಗೇಣು ಮುಂದೆ. ಮಾವನ ಕ್ಯಾಮೆರಾ ಯಾವಾಗಲೂ ಒಂದೇ ಜಾಗದಲ್ಲಿ ನಿಲ್ಲುತ್ತಿತ್ತಂತೆ. ಎದುರಿನವರೂ ಒಂದೇ ಜಾಗದಲ್ಲಿ ನಿಂತರೆ ಪದೇಪದೇ ಫೋಕಸ್ ಹೊಂದಿಸುವ ತಾಪತ್ರಯವಿಲ್ಲ, ರೀಲೂ ಹಾಳಾಗುವುದಿಲ್ಲ ಎನ್ನುವುದು ಅವರ ಲೆಕ್ಕ. ಮಾವ ಹೋದರು, ಕ್ಯಾಮೆರಾ ಬದಲಾಯಿತು, ಹೆಜ್ಜೆ ಮಾತ್ರ ಉಳಿಯಿತು. ಬಣ್ಣ ಮಾಸಿದಾಗಲೆಲ್ಲ ನಮ್ಮ ಯಜಮಾನರು ಅದೇ ಗೆರೆಯ ಒಳಗೆ ಮತ್ತೆ ಕೆಂಪು ತುಂಬುತ್ತಿದ್ದರು.

ಕೊಟ್ಟೂರಿನವರು, ಕೂಡ್ಲಿಗಿಯವರು, ಹಡಗಲಿ ಕಡೆಯಿಂದ ಮೆಕ್ಕೆಜೋಳ ಮಾರಲು ಬಂದವರು, ಹೊಸದಾಗಿ ಮದುವೆಯಾದವರು, ರೇಷನ್ ಕಾರ್ಡಿನವರು, ಯಾರೇ ಬರಲಿ, ಆ ಹೆಜ್ಜೆಗಳ ಮೇಲೆ ಕಾಲಿಟ್ಟ ತಕ್ಷಣ ಎಲ್ಲರೂ ಒಂದೇ ತರ ಆಗಿಬಿಡುತ್ತಿದ್ದರು. ಎರಡೂ ಕೈ ತೊಡೆಗೆ ಅಂಟಿಕೊಳ್ಳುತ್ತಿದ್ದವು. ಬೆರಳು ಮುಷ್ಟಿಯಾಗುತ್ತಿದ್ದವು. ಕತ್ತು ಸೆಟೆಯುತ್ತಿತ್ತು, ಕಣ್ಣು ದೊಡ್ಡದಾಗುತ್ತಿತ್ತು, ಉಸಿರು ಎಲ್ಲೋ ಹೋಗಿಬಿಡುತ್ತಿತ್ತು. ಯಜಮಾನರು ಕ್ಯಾಮೆರಾದ ಹಿಂದಿನಿಂದ "ಸ್ವಲ್ಪ ನಗ್ರಿ" ಎನ್ನುತ್ತಿದ್ದರು. ಆಗ ತುಟಿಯ ಎರಡು ತುದಿ ಮಾತ್ರ ಮೇಲಕ್ಕೆ ಹೋಗುತ್ತಿದ್ದವು. ಮುಖದ ಉಳಿದ ಭಾಗಕ್ಕೆ ಆ ಸುದ್ದಿಯೇ ಮುಟ್ಟುತ್ತಿರಲಿಲ್ಲ.

ಇದನ್ನೆಲ್ಲ ಮೊದಲೇ ಹೇಳಿದ್ದು ಯಾಕೆಂದರೆ, ನಾನು ಗ್ರೀಕರ ಶಿಲ್ಪಕಲೆಯನ್ನು ಕಲಿತದ್ದು ಈ ನೆಲದ ಮೇಲೆಯೇ. ಪುಸ್ತಕವೂ ಇತ್ತು. ಆದರೆ ಪುಸ್ತಕ ಓದಿ ತಲೆಗೆ ಹತ್ತುವ ಜಾತಿಯವಳಲ್ಲ ನಾನು.

ತೊಂಬತ್ತರ ದಶಕದ ಕೊನೆಯ ಮಾತು. ನಾನು ಕೊಟ್ಟೂರಿನ ಮಗಳು, ಹರಪನಹಳ್ಳಿಯ ಸೊಸೆ, ಊರಿನ ಒಂದು ಹೈಸ್ಕೂಲಿನಲ್ಲಿ ತಾತ್ಕಾಲಿಕ ಡ್ರಾಯಿಂಗ್ ಟೀಚರ್. ಈ 'ತಾತ್ಕಾಲಿಕ' ಎನ್ನುವ ಪದದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಚಿತ್ರಕಲಾ ಡಿಪ್ಲೊಮಾ ಕೈಯಲ್ಲಿದ್ದರೆ ಕೆಲಸ ಕಾಯಂ, ಇಲ್ಲದಿದ್ದರೆ ಬರುವ ಜೂನ್‌ಗೆ ಬೇರೆಯವರು ಬರುತ್ತಾರೆ ಎಂದು ಹೆಡ್ಮಾಸ್ತರರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ಭಾನುವಾರ ಭಾನುವಾರ ದಾವಣಗೆರೆಗೆ ಹೋಗಿ ಬಂದು ಎಲ್ಲ ವಿಷಯ ಪಾಸು ಮಾಡಿಕೊಂಡಿದ್ದೆ. ಉಳಿದದ್ದು ಒಂದೇ, ಮಣ್ಣಿನ ಮೂರ್ತಿಯ ಪ್ರಾಕ್ಟಿಕಲ್. ನಿಂತ ಮನುಷ್ಯನ ಆಕೃತಿ ಮಾಡಬೇಕು. ನಿಜವಾದ ಒಬ್ಬರನ್ನು ಎದುರಿಗೆ ನಿಲ್ಲಿಸಿಕೊಂಡು, ನೋಡಿ ಮಾಡಬೇಕು. ಅದನ್ನು ಹಿಡಿದುಕೊಂಡು ಗ್ರೀಕ್ ಶಿಲ್ಪ ಮೊದಮೊದಲು ಹೇಗಿತ್ತು, ಹೇಗೆ ಬೆಳೆಯಿತು ಎನ್ನುವ ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಹಿಂದಿನ ವರ್ಷ ನನ್ನ ಮೂರ್ತಿಯನ್ನು ನೋಡಿದ ಪರೀಕ್ಷಕರು, "ಇದು ಮನುಷ್ಯ ಅಲ್ಲಮ್ಮ, ಕರೆಂಟ್ ಕಂಬ" ಎಂದು ಫೇಲು ಮಾಡಿದ್ದರು.

ನನಗೆ ಆ ಕೆಲಸ ಬೇಕಾಗಿತ್ತು. ಬೇಕಾಗಿತ್ತು ಅಂದರೆ ಬೇಕೇಬೇಕಾಗಿತ್ತು. ಬೆಳಗ್ಗೆ ಬಣ್ಣದ ಸೀಮೆಸುಣ್ಣದ ಡಬ್ಬಿ ಹಿಡಿದು ಒಂಬತ್ತನೇ ಕ್ಲಾಸಿನ ಬಾಗಿಲಲ್ಲಿ ನಿಂತರೆ, ಗಣಿತದ ಪಿರಿಯಡ್ಡಿನಲ್ಲಿ ಸತ್ತಂತಿದ್ದ ಹುಡುಗರು ಎದ್ದು ಕೂರುತ್ತಿದ್ದರು. ಜಗತ್ತಿನಲ್ಲಿ ನನ್ನನ್ನು ನೋಡಿ ಜನ ಖುಷಿಪಡುವ ಜಾಗ ಅದೊಂದೇ ಎಂದು ಆಗ ನನ್ನ ಭಾವನೆ.

ಹಾಗೆ ಅನ್ನಿಸಲು ಕಾರಣ ನಮ್ಮ ಅತ್ತೆ. ಎತ್ತರದ ಆಳು, ಅದಕ್ಕೆ ತಕ್ಕ ಧ್ವನಿ. ಮೆಕ್ಕೆಜೋಳದ ದಲ್ಲಾಳಿ ಮನೆತನದ ಮಗಳು, ಹಾಗಾಗಿ ಮಾತೆಲ್ಲ ಹರಾಜು ಕೂಗಿದ ಹಾಗೆ. ಬೆಳಗ್ಗೆ ಹಣೆ ತುಂಬ ವಿಭೂತಿ ಹಚ್ಚಿ, ಪೂಜೆ ಮುಗಿಸಿ ಹೊರಗೆ ಬಂದರೆಂದರೆ ಮನೆಯಲ್ಲಿ ಯಾರೂ ಸುಮ್ಮನೆ ಕೂರುವಂತಿರಲಿಲ್ಲ. ನನ್ನ ಓದಿನ ಬಗ್ಗೆ ಅವರ ಅಭಿಪ್ರಾಯ ಇಡೀ ಓಣಿಗೆ ಗೊತ್ತಿತ್ತು. "ಹುಡುಗ್ರಿಗಿ ಮಾವಿನಹಣ್ಣು ಬರಿಯಾಕ ಕಲಿಸಾಕ ಇಷ್ಟು ಓದಬೇಕೇನವ್ವ? ನಮಗ್ಯಾರೂ ಮಾವಿನಹಣ್ಣು ತಿನ್ನಾಕ ಕಲಿಸಿಲ್ಲ. ಚಲೋ ತಿಂತೀವಿ."

ಆ ಸಲ ಜಿದ್ದಿಗೆ ಬಿದ್ದು ದಾವಣಗೆರೆಯ ಕಲಾಶಾಲೆಯ ದೊಡ್ಡ ಪುಸ್ತಕದಿಂದ ಗ್ರೀಕ್ ಶಿಲ್ಪಗಳ ಪುಟಗಳನ್ನು ಜೆರಾಕ್ಸ್ ಮಾಡಿಸಿಕೊಂಡು ಬಂದೆ. ರಾತ್ರಿ ಊಟಕ್ಕೆ ಕೂತಾಗ ಆ ಹಾಳೆಗಳು ಪಕ್ಕದಲ್ಲಿದ್ದವು. ಯಜಮಾನರು ರೊಟ್ಟಿ ಮುರಿಯುತ್ತ ಮೇಲಿನ ಹಾಳೆಯ ಕಡೆ ಕಣ್ಣು ಹಾಯಿಸಿದರು. ಬೆತ್ತಲೆ ಹುಡುಗನೊಬ್ಬನ ಅಮೃತಶಿಲೆಯ ಮೂರ್ತಿ ಅದು. ಎಡಗಾಲು ಒಂದು ಗೇಣು ಮುಂದೆ. ಕೈ ಎರಡೂ ತೊಡೆಗೆ ಅಂಟಿವೆ. ಮುಷ್ಟಿ ಕಟ್ಟಿದ್ದಾನೆ. ಕಣ್ಣು ದೊಡ್ಡವು. ತುಟಿಯ ತುದಿ ಎರಡೂ ಮೇಲಕ್ಕೆ.

"ಇವ ನಮ್ಮ ಸ್ಟುಡಿಯೊಕ್ಕ ಯಾವಾಗ ಬಂದಿದ್ದ?" ಎಂದರು.

ನನ್ನ ಕೈಯಲ್ಲಿದ್ದ ಪಲ್ಯದ ಸೌಟು ಅಲ್ಲೇ ನಿಂತಿತು. ಅಲ್ಲರೀ, ಎರಡು ವರ್ಷದಿಂದ ಉರು ಹೊಡೆಯುತ್ತಿದ್ದೆ: 'ಮುಂದಕ್ಕಿಟ್ಟ ಎಡಪಾದ, ಸಮಾನ ಭಾರ, ಸೆಟೆದ ಭುಜ, ಆರಂಭ ಕಾಲದ ಮುಗುಳ್ನಗೆ.' ಆ ಒಂದೊಂದು ಪದವೂ ದಿನಾ ಬಸ್ ಸ್ಟ್ಯಾಂಡಿನ ಎದುರು ಬಂದು ನಿಂತು, ಫೋಟೊ ತೆಗೆಸಿಕೊಂಡು ಹೋಗುತ್ತಿದ್ದವು. ನಾನು ನೋಡಿರಲಿಲ್ಲ.

ಅತ್ತೆ ಕನ್ನಡಕ ಹಾಕಿಕೊಂಡು ಹಾಳೆಯನ್ನು ದೀಪದ ಹತ್ತಿರ ಹಿಡಿದರು. "ಯವ್ವ, ಮೈಮ್ಯಾಲ ಒಂದು ತುಂಡು ಅರಿವಿ ಇಲ್ಲ. ಗೊಮ್ಮಟಪ್ಪನ ಹಂಗ ನಿಂತಾನ. ಆದ್ರ ಗೊಮ್ಮಟಪ್ಪನ ಕಾಲು ಎರಡೂ ಜೋಡಿ ಇರ್ತಾವು. ಇವ ಯಾಕ ಒಂದು ಮುಂದ ಇಟ್ಟಾನ?"

"ಈಜಿಪ್ಟಿನೋರ ಹತ್ರ ಕಲ್ತಿದ್ದಂತ್ರಿ ಅತ್ತಿ. ಅವ್ರೂ ಹಿಂಗ ನಿಲ್ಲಸ್ತಿದ್ರು. ಆದ್ರ ಅವ್ರು ಬೆನ್ನ ಹಿಂದ ಒಂದು ಕಲ್ಲು ಹಂಗ ಬಿಡ್ತಿದ್ರು, ಕಾಲ ನಡುವ ಇನ್ನೊಂದು. ಇವ್ರು ಅದನ್ನೆಲ್ಲ ಕಡದು ಒಗದು, ಆಧಾರ ಇಲ್ಲದ ನಿಲ್ಲಿಸಿದ್ರು."

"ಮತ್ತ ಯಾವ ಗುಡಿಯಾಗ ಅದಾನ ಇವ?"

"ಗುಡಿಗೂ ಕೊಡ್ತಿದ್ರು. ಗೋರಿ ಮ್ಯಾಲನೂ ನಿಲ್ಲಸ್ತಿದ್ರು."

"ಸತ್ತೋರ ಮ್ಯಾಲ ನಗೋ ಹುಡುಗನ್ನ ನಿಲ್ಲಸ್ತಿದ್ರಾ? ಚಲೋ ಮಂದಿ," ಎಂದು ಅತ್ತೆ ಹಾಳೆ ಕೆಳಗಿಟ್ಟರು. "ಹೆಣ್ಮಕ್ಕಳ ಮೂರ್ತಿ ಇಲ್ಲೇನು?"

ಇತ್ತು. ಮುಂದಿನ ಹಾಳೆಯಲ್ಲಿ ಮೈತುಂಬ ಬಟ್ಟೆಯುಟ್ಟ ಹುಡುಗಿ, ಜಡೆಗಳನ್ನು ಎರಡೂ ಭುಜದ ಮುಂದೆ ಇಳಿಬಿಟ್ಟುಕೊಂಡು, ಒಂದು ಕೈಯಲ್ಲಿ ದೇವತೆಗೆ ಕಾಣಿಕೆ ಹಿಡಿದು ನಿಂತಿದ್ದಳು. ಅವಳೂ ನೆಟ್ಟಗೆ, ಅವಳಿಗೂ ಅದೇ ನಗು. ಒಂದು ಕಾಲಕ್ಕೆ ಈ ಮೂರ್ತಿಗಳಿಗೆಲ್ಲ ಬಣ್ಣ ಹಚ್ಚುತ್ತಿದ್ದರು ಎಂದಾಗ ಅತ್ತೆಗೆ ಮೊದಲ ಸಲ ಗ್ರೀಕರ ಮೇಲೆ ಸ್ವಲ್ಪ ಗೌರವ ಬಂತು. "ಬಣ್ಣ ಇಲ್ಲಂದ್ರ ಅದೆಂಥ ದೇವರು," ಎಂದರು.

ನನ್ನ ಗಂಟಲಿಗೆ ಸಿಕ್ಕಿಕೊಂಡಿದ್ದದ್ದು ಕೊನೆಯ ಹಾಳೆ. ಅದರಲ್ಲಿ ಇನ್ನೊಬ್ಬ ಹುಡುಗನಿದ್ದ. ಮೊದಲಿನವನಿಗಿಂತ ಸುಮಾರು ಒಂದು ಶತಮಾನ ಆಮೇಲಿನವನು. ಮೇಲ್ನೋಟಕ್ಕೆ ಹೆಚ್ಚು ವ್ಯತ್ಯಾಸವಿಲ್ಲ. ಆದರೆ ಮೊದಲಿನವನು ಕಲ್ಲು, ಇವನು ಮನುಷ್ಯ. ಮೊದಲಿನವನ ಕಾಲು ಮುಂದೆ ಹೋಗಿದ್ದರೂ ಭಾರ ಎರಡೂ ಕಾಲಿನ ಮೇಲೆ ಸಮನಾಗಿದೆ, ಆದ್ದರಿಂದ ಅವನು ನಡೆಯುತ್ತಲೂ ಇಲ್ಲ, ಸುಧಾರಿಸಿಕೊಳ್ಳುತ್ತಲೂ ಇಲ್ಲ. ಮೊಣಕಾಲು, ಹೊಟ್ಟೆಯ ಮಡಿಕೆ ಎಲ್ಲ ಮೈಮೇಲೆ ಗೆರೆ ಕೊರೆದಂತಿವೆ. ಎರಡನೆಯವನು ಮೈಭಾರವನ್ನೆಲ್ಲ ಒಂದು ಕಾಲಿಗೆ ಕೊಟ್ಟು ಇನ್ನೊಂದು ಮೊಣಕಾಲನ್ನು ಸಡಿಲ ಬಿಟ್ಟಿದ್ದಾನೆ. ಅಷ್ಟಾದದ್ದೇ ಸೊಂಟ ಒಂದು ಕಡೆ ಮೇಲೆದ್ದಿದೆ, ಬೆನ್ನು ಸಣ್ಣಗೆ ತಿರುಗಿದೆ, ತಲೆ ಪಕ್ಕಕ್ಕೆ ಹೊರಳಿದೆ. ನಂಬಿಕೆ ಬರದಿದ್ದರೆ ಎದ್ದು ನಿಂತು ನೋಡಿ. ಒಂದು ಮೊಣಕಾಲು ಸಡಿಲ ಬಿಟ್ಟರೆ ಇಡೀ ಮೈ ಅದರ ಮಾತು ಕೇಳುತ್ತದೆ.

ಇನ್ನೊಂದು ಸಂಗತಿ ಇತ್ತು. ಎರಡನೆಯವನು ನಗುತ್ತಿರಲಿಲ್ಲ. ಮೊಣಕಾಲು ಸಡಿಲಾದ ಕಾಲಕ್ಕೇ ಗ್ರೀಕರ ಮೂರ್ತಿಗಳ ಮುಖದಿಂದ ಆ ನಗು ಹೋಗಿ ಗಾಂಭೀರ್ಯ ಬಂತು ಎಂದು ಪುಸ್ತಕ ಹೇಳುತ್ತಿತ್ತು. ಆಗ ಅದನ್ನು ಓದಿ ಮುಂದೆ ಹೋದೆ.

ಒಂದು ಮೊಣಕಾಲು ಸಡಿಲಿಸಲು ಅಷ್ಟು ಮಂದಿ ಶಿಲ್ಪಿಗಳಿಗೆ ಅಷ್ಟು ತಲೆಮಾರು ಹಿಡಿದಿತ್ತು. ನನಗೆ ಇದ್ದದ್ದು ಬೇಸಿಗೆಯವರೆಗಿನ ಸಮಯ.

ಮೊದಲು ಯಜಮಾನರನ್ನು ನಿಲ್ಲಿಸಿದೆ. ಜೀವಮಾನವೆಲ್ಲ ಕ್ಯಾಮೆರಾದ ಹಿಂದೆ ಇದ್ದ ಮನುಷ್ಯ, ಮುಂದೆ ಬಂದ ಕೂಡಲೇ ಎಡಗಾಲು ಒಂದು ಗೇಣು ಮುಂದಿಟ್ಟು ಮುಷ್ಟಿ ಕಟ್ಟಿದರು. "ಸಡಿಲ ನಿಂದ್ರಿ" ಎಂದೆ. ಭುಜ ಸಡಿಲ ಮಾಡಿದರು, ಅಂಗಿ ಜೋತುಬಿತ್ತು, ಕಾಲು ಮಾತ್ರ ಹಾಗೇ ಇತ್ತು. ಸ್ಕೂಲಿನ ಹುಡುಗಿಯರನ್ನು ಕರೆದು ನೋಡಿದೆ. ಡ್ರಿಲ್ ಮಾಸ್ತರರ ಕೃಪೆ, ಅವರಿಗೆ ಗೊತ್ತಿದ್ದದ್ದು ಸಾವಧಾನ್, ವಿಶ್ರಾಮ್ ಎರಡೇ, ಅದರಲ್ಲಿ ವಿಶ್ರಾಮ್ ಇನ್ನೂ ಬಿಗಿ.

ಕೊನೆಗೆ ಧೈರ್ಯ ಮಾಡಿ ಅತ್ತೆಯನ್ನು ಕೇಳಿದೆ. ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಒಳಗೆ ಹೋಗಿ ಇಳಕಲ್ ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡು ಬಂದು, ಪಡಸಾಲೆಯ ನಡುವೆ ನಿಂತರು. ಅಲ್ಲಿ ಕೆಂಪು ಹೆಜ್ಜೆ ಇರಲಿಲ್ಲ. ಆದರೂ ಆ ಹೆಜ್ಜೆಯ ಮೇಲೆಯೇ ನಿಂತರು.

"ಅತ್ತಿ, ಸ್ವಲ್ಪ ಸಡಿಲ ನಿಂದ್ರಿ."

"ಸಡಿಲ ಅಂದ್ರ? ನಾನೇನು ಹಗ್ಗದ ಮಂಚ ಏನು?"

"ಒಂದು ಕಾಲಿನ ಮ್ಯಾಲ ಭಾರ ಬಿಡ್ರಿ."

"ಒಂಟಿಗಾಲಾಗ ನಿಂದ್ರಾಕ ನಾ ಕೊಕ್ಕರಿನೂ ಅಲ್ಲ." ಸ್ವಲ್ಪ ಹೊತ್ತು ಎದುರಿನ ಗೋಡೆಯನ್ನೇ ದಿಟ್ಟಿಸಿ ನಿಂತು ಸಾಕಾದ ಮೇಲೆ ಕೇಳಿದರು, "ನಿಂತಾನ ಆಗಬೇಕೇನವ್ವ ನಿಮ್ಮ ಪರೀಕ್ಷಿ? ಹೊಳಲಿನ ಗುಡಿಯಾಗ ನೋಡು, ಅನಂತಶಯನ ಎಷ್ಟು ಚಂದ ಮಲಗ್ಯಾನ. ಮಲಗಿದ್ದು ಮಾಡು, ನಾ ಒಂದು ದಿನ ಬೇಕಾದ್ರ ಮಲಗತೀನಿ."

ನಾನು ಉತ್ತರ ಕೊಡುವ ಹೊತ್ತಿಗೆ ಅವರು ಸೆರಗು ಸರಿಮಾಡಿಕೊಂಡು ಅಡುಗೆಮನೆಗೆ ಹೋಗಿಯಾಗಿತ್ತು. "ಕುಣಿಯಲಾರದಾಕಿ ನೆಲ ಡೊಂಕು ಅಂದ್ಲಂತ," ಎನ್ನುವುದು ಒಳಗಿನಿಂದ ಕೇಳಿಸಿತು. ಅದು ಯಾರಿಗೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ನನ್ನ ಮುಖ ನೋಡಲಾರದೆ ಯಜಮಾನರು ಒಂದು ಭಾನುವಾರ ಎಂ-ಎಯ್ಟಿ ಗಾಡಿ ಹತ್ತಿಸಿಕೊಂಡು ಬಾಗಳಿಗೆ ಕರೆದುಕೊಂಡು ಹೋದರು. ಕಲ್ಲೇಶ್ವರನ ಗುಡಿಯ ಶಿಲ್ಪಗಳನ್ನು ನೋಡಿದರೆ ಏನಾದರೂ ದಾರಿ ಸಿಕ್ಕೀತು ಎಂದು. ಅಲ್ಲಿನ ಸಣ್ಣ ಸಣ್ಣ ಕಲ್ಲಿನ ಹೆಣ್ಣುಗಳು ಸೊಂಟ ಬಳುಕಿಸಿ, ಕಾಲು ಮಡಿಸಿ, ಎಷ್ಟು ಸಲೀಸಾಗಿ ನಿಂತಿದ್ದವೆಂದರೆ ನನಗೆ ಹೊಟ್ಟೆಕಿಚ್ಚಾಯಿತು. "ಇವ್ರ್ಯಾರೂ ನಮ್ಮ ಸ್ಟುಡಿಯೊಕ್ಕ ಬಂದಿಲ್ಲ," ಎಂದು ಯಜಮಾನರು ಹೇಳಿದರು. ಆದರೆ ನೋಡುತ್ತಾ ಹೋದಂತೆ ಒಂದು ಮಾತು ಹೊಳೆಯಿತು. ಇವರೆಲ್ಲ ಕುಣಿಯುತ್ತಿದ್ದಾರೆ, ಇಲ್ಲವೇ ಕುಣಿಯಲು ಸಿದ್ಧರಾಗಿದ್ದಾರೆ. ಗ್ರೀಕರು ಒದ್ದಾಡಿದ್ದು ಕುಣಿಸಲು ಅಲ್ಲ, ಸುಮ್ಮನೆ ನಿಲ್ಲಿಸಲು. ನನಗೆ ಬೇಕಾದದ್ದೂ ಯಾರೂ ನೋಡುತ್ತಿಲ್ಲ ಎಂದುಕೊಂಡು ಸುಮ್ಮನೆ ನಿಂತ ಒಬ್ಬ ಮನುಷ್ಯ. ಬರುವಾಗ ದಾರಿಯಲ್ಲಿ ಕಡ್ಲೆಕಾಯಿ ತಿಂದು ಬಂದೆವು, ಬೇರೆ ಲಾಭವೇನೂ ಆಗಲಿಲ್ಲ.

ಆ ಮನುಷ್ಯ ಸಿಕ್ಕದ್ದು ನಮ್ಮ ಅಂಗಳದಲ್ಲೇ. ಮೆಕ್ಕೆಜೋಳ ಒಣಹಾಕಿದ್ದೆವು. ಕೋಳಿ, ಆಡು ಬಾಯಿ ಹಾಕದ ಹಾಗೆ ಸಂಜೆ ಹೊತ್ತು ಅತ್ತೆ ಕೋಲು ಹಿಡಿದು ಕಾಯುತ್ತಿದ್ದರು. ಕಂಪೌಂಡಿನ ಆಚೆ ಪಕ್ಕದ ಮನೆಯ ಚಾಚಿ. ಅವರ ಗಂಡ ಟ್ರ್ಯಾಕ್ಟರ್ ಮೆಕ್ಯಾನಿಕ್, ಓಣಿಗೆಲ್ಲ ಚಾಚಾ. ಚಾಚಿಗೂ ಅತ್ತೆಗೂ ದಿನಾ ಸಂಜೆ ಮಾತು ಬೇಕೇ ಬೇಕು. ನಾನು ಅಡುಗೆಮನೆಯ ಕಿಟಕಿಯಿಂದ ಸುಮ್ಮನೆ ನೋಡಿದೆ. ಅತ್ತೆಯ ಭಾರವೆಲ್ಲ ಬಲಗಾಲಿನ ಮೇಲಿತ್ತು. ಎಡ ಮೊಣಕಾಲು ಸಡಿಲವಾಗಿ ಸೀರೆಯನ್ನು ಒಳಗಿನಿಂದ ಒತ್ತಿ ನಿಂತಿತ್ತು. ಬಲಗಾಲಿನ ಮೇಲೆ ನೆರಿಗೆಗಳು ನೆಟ್ಟಗೆ ಇಳಿದಿದ್ದವು. ಬಲಸೊಂಟ ಮೇಲೆ, ಬಲಭುಜ ಸ್ವಲ್ಪ ಕೆಳಗೆ, ತಲೆ ಚಾಚಿಯ ಕಡೆಗೆ ಹೊರಳಿತ್ತು. ಕೊನೆಯ ಹಾಳೆಯ ಹುಡುಗ ಇಳಕಲ್ ಸೀರೆ ಉಟ್ಟು ನಮ್ಮ ಅಂಗಳದಲ್ಲಿ ಆಡು ಓಡಿಸುತ್ತಿದ್ದ.

"ಅತ್ತಿ, ಹಂಗ ನಿಂದ್ರಿ, ಅಲ್ಲಾಡಬ್ಯಾಡ್ರಿ," ಎಂದು ಕೂಗಿದೆ. ಬುದ್ಧಿ ಇಲ್ಲದವಳು ಅಂದರೆ ನಾನೇ. ಅತ್ತೆ ತಕ್ಷಣ ಎಡಗಾಲು ಒಂದು ಗೇಣು ಮುಂದಿಟ್ಟು ಕೈ ಇಳಿಬಿಟ್ಟು ನೆಟ್ಟಗಾದರು.

ಆವತ್ತೇ ತೀರ್ಮಾನ ಮಾಡಿದೆ, ಇನ್ನು ಅತ್ತೆಗೆ ಹೇಳಬಾರದು. ಮರುದಿನ ಚಾಚಿಯ ಮನೆಗೆ ಹೋಗಿ ಗುಟ್ಟು ಬಿಚ್ಚಿದೆ. ದಿನಾ ಸಂಜೆ ಬಿಸಿಲು ಇಳಿಯುವವರೆಗೆ ಅತ್ತೆಯನ್ನು ಮಾತಿಗೆ ಹಿಡಿದಿಟ್ಟುಕೊಳ್ಳಬೇಕು. ಚಾಚಿ ಕೈಯ ಹಿಟ್ಟು ಝಾಡಿಸಿ ನಕ್ಕರು. "ಅಯ್ಯೊ ಬೇಟಿ, ಅಕ್ಕನ್ನ ಮಾತಿಗಿ ಹಿಡಿಯೂದು ಏನು ಕಷ್ಟ? ಬಿಡಿಸಿಕೊಳ್ಳೂದು ಕಷ್ಟ."

ಕೆರೆಯ ಜಿಗುಟು ಮಣ್ಣು ತರಿಸಿದೆ. ಅಡುಗೆಮನೆಯ ಕಿಟಕಿಯ ಕೆಳಗೆ ಹಲಗೆಯ ಮೇಲೆ ತಂತಿ ಕಟ್ಟಿ ಮಣ್ಣು ಮೆತ್ತಿದೆ. ಮೊದಲ ದಿನವೇ ಒಂದು ವಿಘ್ನ. ಮಾತು ಜೋರಾದಾಗ ಅತ್ತೆ ಕಂಪೌಂಡಿನ ಗೋಡೆಗೆ ಮೊಣಕೈ ಊರಿ ಒರಗಿದರು. ಒರಗಿ ನಿಲ್ಲುವ ಮೂರ್ತಿಗಳು ಗ್ರೀಕರಲ್ಲಿ ಬಂದದ್ದು ಇನ್ನೂ ಒಂದು ಶತಮಾನ ಕಳೆದ ಮೇಲೆ. ನಮ್ಮ ಅತ್ತೆ ನನ್ನ ಸಿಲಬಸ್ ದಾಟಿ ಹೋಗುತ್ತಿದ್ದರು. ಚಾಚಿಗೆ ಹೇಳಿ ಮರುದಿನದಿಂದ ಗೋಡೆಯ ಮೇಲೆ ಒದ್ದೆ ಕೌದಿ ಒಣಹಾಕಿಸಿದೆ. ಒದ್ದೆಗೆ ಅತ್ತೆ ಮೊಣಕೈ ಊರಲಿಲ್ಲ.

ಹೀಗೆ ಕೆಲಸ ಸಾಗಿತು. ಅತ್ತೆ ಒಳಗೆ ಬರುವ ಸದ್ದಾದರೆ ಮೂರ್ತಿಗೆ ಒದ್ದೆ ಗೋಣಿಚೀಲ ಹೊದಿಸಿ ಮೇಲೆ ಬಿದಿರಿನ ಪುಟ್ಟಿ ಮುಚ್ಚುತ್ತಿದ್ದೆ.

"ಪುಟ್ಟಿ ಕೆಳಗ ಏನೈತಿ?" ಎಂದು ಒಮ್ಮೆ ಕೇಳಿದರು.

"ಮೊಸರು," ಎಂದೆ. ಬಾಯಿಗೆ ಬಂದದ್ದು ಅದು.

"ಮೊಸರಿಗಿ ಗೋಣಿಚೀಲ ಹೊಚ್ಚತಾರೇನು ಕೊಟ್ಟೂರಾಗ?" ಎಂದು ಅವರಷ್ಟಕ್ಕೆ ಅವರು ಹೊರಗೆ ಹೋದರು. ತವರಿನ ಮಾತೆತ್ತಿದ್ದಕ್ಕೆ ನನಗೆ ಉರಿಯಿತು. ಆದರೆ ಕಳ್ಳಿಗೆ ಜಗಳ ಆಡುವ ಹಕ್ಕಿಲ್ಲ.

ಒಂದು ಸಂಜೆ ಮೋಡ ಮುಚ್ಚಿ ಬೆಳಕು ಕಡಿಮೆಯಾಗಿ ನಾನು ಪರದಾಡುತ್ತಿದ್ದೆ. ಅಷ್ಟರಲ್ಲಿ ಅತ್ತೆ ತಾವಾಗಿಯೇ ನೆರಳಿನಿಂದ ಈಚೆ ಸರಿದು, ಮತ್ತೆ ಬಲಗಾಲಿಗೆ ಭಾರ ಕೊಟ್ಟು ನಿಂತರು. ನನ್ನ ಅದೃಷ್ಟಕ್ಕೆ ನಾನೇ ಬೆರಗಾದೆ.

ತಲೆನೋವಾದದ್ದು ಮುಖ. ಮಾತಾಡುವಾಗ ಬಾಯಿ ಅಲ್ಲಾಡುತ್ತದೆ, ಚಾಚಿ ಮಾತಾಡುವಾಗ ಅತ್ತೆ ಸುಮ್ಮನಿರುತ್ತಾರೆ, ಆಗ ನೋಡಿಕೊಳ್ಳಬೇಕು. ಆದರೆ ಸುಮ್ಮನಿರುವಾಗಲೂ ಅವರ ತುಟಿಯ ತುದಿಯಲ್ಲಿ ಏನೋ ಒಂದು ಇರುತ್ತಿತ್ತು. ಪೂರಾ ನಗುವಲ್ಲ. ಮುಚ್ಚಿಟ್ಟುಕೊಂಡ ನಗು. ಚಾಚಿ ಅಷ್ಟು ತಮಾಷೆ ಮಾಡುತ್ತಾರೇನೋ ಎಂದುಕೊಂಡೆ. ಪುಸ್ತಕದ ಹುಡುಗನ ಹಾಗೆ ಗಂಭೀರ ಮಾಡಲು ತುಟಿಯನ್ನು ಒರೆಸಿ ಒರೆಸಿ ತಿದ್ದಿದೆ. ನೆಟ್ಟಗೆ ಮಾಡಿದರೆ ಅದು ಯಾರೋ ಬೇರೆ ಹೆಂಗಸಾಗುತ್ತಿತ್ತು. ನೋಡಿ ಮಾಡಬೇಕು ಎಂದ ಮೇಲೆ ಕಂಡದ್ದನ್ನೇ ಮಾಡಬೇಕಲ್ಲ. ಆ ತುದಿಗಳನ್ನು ಹಾಗೇ ಉಳಿಸಿದೆ.

ಪರೀಕ್ಷೆಯ ದಿನ ಮೂರ್ತಿಯನ್ನು ಬುಟ್ಟಿಯಲ್ಲಿಟ್ಟು, ಒದ್ದೆ ಬಟ್ಟೆ ಸುತ್ತಿ, ದಾವಣಗೆರೆ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಜರ್ಕಿಗೆ ಬಟ್ಟೆ ಸರಿದು ಮುಖ ಕಂಡಿತು. ಪಕ್ಕದಲ್ಲಿ ಕೂತಿದ್ದ ಮುದುಕಿ, "ಯಾವೂರ ಅಮ್ಮನವ್ವ? ನಗುಮಕ ಐತಿ," ಎಂದು ಕೈ ಮುಗಿದು ಕಣ್ಣಿಗೆ ಒತ್ತಿಕೊಂಡಳು. ಅವಳನ್ನು ನೋಡಿ ಹಿಂದಿನ ಸೀಟಿನವರೂ ಮುಗಿದರು. ನಮ್ಮ ಅತ್ತೆ ಎಂದು ಹೇಳಲು ಬಾಯಿ ಬರಲಿಲ್ಲ.

ಪರೀಕ್ಷಕರು ಮೈಸೂರು ಕಡೆಯವರು, ದಪ್ಪ ಕನ್ನಡಕ, ಕಡಿಮೆ ಮಾತು. ಮೂರ್ತಿಯ ಸುತ್ತ ಒಂದು ಸುತ್ತು ಬಂದು, ಬಗ್ಗಿ ಮೊಣಕಾಲು ನೋಡಿದರು. ಗ್ರೀಕ್ ಶಿಲ್ಪದ ಆರಂಭದ ಬಗ್ಗೆ ಹೇಳಿ ಎಂದರು. ಉರು ಹೊಡೆದದ್ದೆಲ್ಲ ಆ ಕ್ಷಣಕ್ಕೆ ಮಂಗಮಾಯ. ನಾನು ಕೆಂಪು ಹೆಜ್ಜೆಗಳಿಂದ ಶುರುಮಾಡಿದೆ. ನಮ್ಮ ಸ್ಟುಡಿಯೊ, ಮಾವನ ಫೋಕಸ್ಸು, ಜನ ನಿಲ್ಲುವ ರೀತಿ, ತುಟಿಯ ತುದಿಯ ನಗು. ಗ್ರೀಕರ ಮೊದಲ ಹುಡುಗರೂ ಹಾಗೇ ನಿಂತಿದ್ದರು ಸಾರ್, ಈಜಿಪ್ಟಿನವರು ಹಾಕಿಕೊಟ್ಟ ಹೆಜ್ಜೆಯ ಮೇಲೆ. ತಂದೆ ನಿಂತದ್ದರ ಮೇಲೆ ಮಗ, ಅವನ ಮೇಲೆ ಮೊಮ್ಮಗ. ಆದರೆ ಒಂದೊಂದು ತಲೆಮಾರಿನವರೂ ಸ್ವಲ್ಪ ಸ್ವಲ್ಪ ಕಣ್ಣು ಬಿಟ್ಟು ನಿಜವಾದ ಮೈ ನೋಡಿದರು, ಗೆರೆ ಇದ್ದಲ್ಲಿ ಮಾಂಸ ಬಂತು, ಕೊನೆಗೆ ಯಾರೋ ಒಬ್ಬರು ಆ ಹೆಜ್ಜೆಯಿಂದ ಕಾಲು ತೆಗೆಸಿದರು ಎಂದೆ. ಅವರ ಮೀಸೆ ಸ್ವಲ್ಪ ಅಲ್ಲಾಡಿತು.

ಆಮೇಲೆ ಪೆನ್ನಿನ ತುದಿಯಿಂದ ಮೂರ್ತಿಯ ಬಾಯಿ ತೋರಿಸಿದರು. "ಇದೇನಮ್ಮ? ಮೊಣಕಾಲು ಸಡಿಲ ಆದ ಕಾಲಕ್ಕೆ ನಗು ಹೋಗಿರಬೇಕು. ನೀವು ಎರಡು ಕಾಲದ್ದನ್ನು ಬೆರೆಸಿಬಿಟ್ಟಿದ್ದೀರಿ."

ನನ್ನ ಜೂನ್ ತಿಂಗಳು ಅಲ್ಲೇ ಆ ತುಟಿಯ ಮೇಲೆ ಕೂತಿತ್ತು. ತಪ್ಪಾಯಿತು ಅನ್ನಬಹುದಿತ್ತು, ಹೆಬ್ಬೆರಳಿನಿಂದ ಒಂದು ಸಲ ಒತ್ತಿದರೆ ಗಾಂಭೀರ್ಯ ಬಂದುಬಿಡುತ್ತಿತ್ತು. ಕೈ ಏಳಲಿಲ್ಲ. "ಗೊತ್ತು ಸಾರ್," ಎಂದೆ. "ಪುಸ್ತಕದಲ್ಲಿ ಹಾಗೇ ಇದೆ. ಆದರೆ ನನ್ನ ಎದುರಿಗೆ ನಿಂತವರು ನಗುತ್ತಿದ್ದರು. ಯಾಕೆ ಅಂತ ನನಗೂ ಗೊತ್ತಿಲ್ಲ. ನೋಡಿ ಮಾಡಬೇಕು ಅಂದಿದ್ದಿರಿ, ನೋಡಿ ಮಾಡಿದ್ದೇನೆ."

ಅವರು ನನ್ನನ್ನು ಒಮ್ಮೆ, ಮೂರ್ತಿಯನ್ನು ಒಮ್ಮೆ ನೋಡಿದರು. "ಈಕೆ ಯಾರು?" ಎಂದರು.

"ನಮ್ಮ ಅತ್ತೆ."

"ಸರಿ, ಹೋಗಿ," ಎಂದು ಏನೋ ಬರೆದುಕೊಂಡರು.

ಪಾಸೋ ಫೇಲೋ ತಿಳಿಯದೆ ಮನೆಗೆ ಬಂದೆ. ಅಂಗಳದಲ್ಲಿ ಅತ್ತೆ ಹಗ್ಗದ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು, ಚಾಚಿ ಅವರ ಬಲಗಾಲಿಗೆ ಎಣ್ಣೆ ತಿಕ್ಕುತ್ತಿದ್ದರು. ನನ್ನನ್ನು ಕಂಡು ಚಾಚಿ ಕೈ ಹಿಂದಕ್ಕೆ ತೆಗೆದುಕೊಂಡರು.

"ಏನಾತವ್ವ?" ಎಂದರು ಅತ್ತೆ.

"ಗೊತ್ತಿಲ್ರಿ. ಎಲ್ಲ ಬರೊಬ್ಬರಿ ಐತಿ, ನಗು ಯಾಕ ಅಂತ ಕೇಳಿದ್ರು." ಹೇಳಿ ಮುಗಿಸಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರನ್ನೇ ಕದ್ದು ನೋಡಿ ಮೂರ್ತಿ ಮಾಡಿದ್ದನ್ನು ನಾನು ಅತ್ತೆಗೆ ಹೇಳಿರಲಿಲ್ಲ.

ಅತ್ತೆ ಚಾಚಿಯ ಮುಖ ನೋಡಿದರು, ಚಾಚಿ ಅತ್ತೆಯ ಮುಖ ನೋಡಿದರು. ಇಬ್ಬರೂ ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಚಾಚಿ ಎಣ್ಣೆಯ ಬಟ್ಟಲು ಉರುಳಿಸಿದರು. ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡು ಹೇಳಿದರು, "ನಗದ ಹೆಂಗಿರ್ಲಿ? ದಿನಾ ಸಂಜಿಕಿ ಆ ಕಿಟಕ್ಯಾಗ ನಿನ್ನ ಎರಡು ಕಣ್ಣು. ಮೂಗಿಗಿ ಮಣ್ಣು, ಹಣಿಗಿ ಮಣ್ಣು. ನಾ ಸ್ವಲ್ಪ ಅಲ್ಲಾಡಿದ್ರ ನಿನ್ನ ಮಾರಿ ಅಳಾಕ ಬಂದಂಗ ಆಗ್ತಿತ್ತು. ಇಕಿ ಬ್ಯಾರೆ, ಮೊದಲನೇ ದಿನಾನ ಬಂದು ನನ್ನ ಮುಂದ ಎಲ್ಲಾ ಹೇಳ್ಯಾಳ."

"ಮತ್ತ ಯಾಕ ಹೇಳಲಿಲ್ಲ ಅತ್ತಿ?"

"ಹೇಳಿದ್ರ ನನಗ ಬೆನ್ನು ಸೆಟೀತಿತ್ತು. ನೀ ಕದ್ದು ನೋಡಿದ್ರ ನಾನೂ ಕದ್ದು ನಿಂದ್ರಬೇಕು." ಬಲಗಾಲನ್ನು ನಿಧಾನವಾಗಿ ಮಡಿಸಿಕೊಂಡರು. ಮುಖ ಆ ಕಡೆ ತಿರುಗಿಸಿ, ಕೋಳಿಗೆ ಹೇಳಿದ ಹಾಗೆ ಹೇಳಿದರು, "ಸಾಲಿಯಿಂದ ಬರೂವಾಗ ನೀ ಓಣಿ ತಿರುವಿನಾಗಿಂದ ಹಾಡಿಕೋತ ಬರ್ತಿ. ನಾ ಇಲ್ಲಿ ಕುಂತು ಕೇಳತೀನಿ. ಆ ಕೆಲಸ ಹೋಗಬಾರ್ದು ಅನಿಸ್ತು."

ನಾನು ಹಾಡುತ್ತಿದ್ದೆ ಎನ್ನುವುದು ನನಗೇ ಗೊತ್ತಿರಲಿಲ್ಲ. ಬಾಗಿ ಉರುಳಿದ ಬಟ್ಟಲು ಎತ್ತಿ, ತಳದಲ್ಲಿ ಉಳಿದ ಎಣ್ಣೆಯನ್ನು ಕೈಗೆ ಹಚ್ಚಿಕೊಂಡು ಅತ್ತೆಯ ಕಾಲ ಹತ್ತಿರ ಕೂತೆ. ಕಣ್ಣು ತುಂಬಿ ಎಲ್ಲಿ ತಿಕ್ಕುತ್ತಿದ್ದೇನೆ ಎನ್ನುವುದೇ ಕಾಣಲಿಲ್ಲ. "ಅದು ಎಡಗಾಲು," ಎಂದರು ಅತ್ತೆ. "ಅದಕ್ಕೇನೂ ಆಗಿಲ್ಲ, ಅದು ಆರಾಮ ಇತ್ತು."

ಜೂನ್‌ಗೆ ಮೊದಲೇ ರಿಸಲ್ಟ್ ಬಂತು, ಪಾಸು. ಹೆಡ್ಮಾಸ್ತರರು ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದಿನ 'ತಾತ್ಕಾಲಿಕ'ವನ್ನು ಹೊಡೆದುಹಾಕಿದರು. ಮೂರ್ತಿಯನ್ನು ವಾಪಸು ತಂದ ದಿನ ಯಜಮಾನರು ಅತ್ತೆಯನ್ನು ಸ್ಟುಡಿಯೊಕ್ಕೆ ಕರೆಸಿದರು. ಬಸ್ಸಿನಲ್ಲಿ ಜನ ಕೈ ಮುಗಿದದ್ದನ್ನು ಕೇಳಿದ ಮೇಲೆ ಅತ್ತೆಗೆ ಆ ಮೂರ್ತಿಯ ಮೇಲೆ ವಿಶೇಷ ಭಕ್ತಿ ಬಂದಿತ್ತು. ಅದನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದು ಕೆಂಪು ಹೆಜ್ಜೆಗಳ ಮೇಲೆ ನಿಂತರು.

"ಅವ್ವ, ಸ್ವಲ್ಪ ನಗು," ಎಂದರು ಯಜಮಾನರು.

ಆ ಫೋಟೊ ಈಗಲೂ ನನ್ನ ಹತ್ತಿರ ಇದೆ. ಅತ್ತೆ ಎಡಗಾಲು ಒಂದು ಗೇಣು ಮುಂದಿಟ್ಟು, ಕತ್ತು ಸೆಟೆದು, ತುಟಿಯ ಎರಡು ತುದಿ ಮಾತ್ರ ಮೇಲೆತ್ತಿ ನಿಂತಿದ್ದಾರೆ. ಅವರ ಕೈಯಲ್ಲಿ ಅವರೇ ಎಡ ಮೊಣಕಾಲು ಸಡಿಲ ಬಿಟ್ಟು, ತಲೆ ಹೊರಳಿಸಿ, ನಗು ತಡೆದುಕೊಂಡು ನಿಂತಿದ್ದಾರೆ. ಪ್ರತಿ ವರ್ಷ ಗ್ರೀಕರ ಪಾಠ ಬಂದಾಗ ಮಕ್ಕಳಿಗೆ ಮೊದಲು ಅದನ್ನೇ ತೋರಿಸುತ್ತಿದ್ದೆ.